ಬಟ್ಟಲಿನ ನಾದ ಮಾತ್ರೆಗೆ ಬದಲಿಯಲ್ಲ

ಮಾನ್ಯ ಸಂಪಾದಕರೇ,

ಕಂಚಿನ ಬಟ್ಟಲನ್ನು ಹೊಡೆದೋ ಅದರ ಅಂಚನ್ನು ಕೋಲಿನಿಂದ ತಿಕ್ಕಿಯೋ ಹೊರಡಿಸಿದ ನಾದವನ್ನು ಕೇಳಿಸುವ ‘ಟಿಬೆಟಿಯನ್ ಸಿಂಗಿಂಗ್ ಬೌಲ್’ ಶಿಬಿರಗಳು ಬೆಂಗಳೂರಿನ ಬಡಾವಣೆಗಳಲ್ಲಿ ಈಚೆಗೆ ಹೆಚ್ಚುತ್ತಿವೆ. ಕಂಚಿನ ಬಟ್ಟಲಿನ ನಾದ ಧ್ಯಾನಕ್ಕೆ ಕುಳಿತವರಿಗೆ ನೆರವಾಗುತ್ತದೆ ಎಂದರೆ ನಾನು ಒಪ್ಪುತ್ತೇನೆ, ಅದು ನನ್ನ ಅನುಭವವೂ ಹೌದು. ಆದರೆ ರಕ್ತದೊತ್ತಡ, ಮಧುಮೇಹಗಳು ಇದೇ ನಾದದಿಂದ ವಾಸಿಯಾಗುತ್ತವೆ ಎಂದು ಕರಪತ್ರ ಹಂಚುತ್ತಿರುವುದರಿಂದ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡಿರುವ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಅಕ್ಕನಿಗೆ 68 ವರ್ಷ. ರಕ್ತದೊತ್ತಡಕ್ಕೆ ಹನ್ನೊಂದು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಕಳೆದ ವರ್ಷ ಮನೆಯ ಹತ್ತಿರದ ಶಿಬಿರವೊಂದಕ್ಕೆ ಆರು ವಾರ ಹೋದರು. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿದೆ ಎಂದಾಗ ನಮಗೂ ಸಂತೋಷವೇ ಆಗಿತ್ತು. “ನಾದ ನಿಮ್ಮ ದೇಹಕ್ಕೆ ಹಿಡಿದಿದೆ, ಇನ್ನು ಮಾತ್ರೆ ಯಾಕಮ್ಮ” ಎಂದು ಶಿಬಿರ ನಡೆಸುವವರು ಹೇಳಿದ್ದೇ ತಡ, ಅಕ್ಕ ಯಾರಿಗೂ ತಿಳಿಸದೆ ಮಾತ್ರೆ ಬಿಟ್ಟರು. ಮಾತ್ರೆ ಬಿಟ್ಟ ಮೂರನೆಯ ವಾರ ಒಂದು ಬೆಳಿಗ್ಗೆ ದೇವರ ಪೂಜೆಗೆ ಹೂ ಬಿಡಿಸುತ್ತಿದ್ದವರು ತಲೆಸುತ್ತಿ ಗಿಡದ ಬುಡದಲ್ಲೇ ಕುಸಿದರು. ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದೊತ್ತಡ 200/110 ಇತ್ತು. ಎರಡು ದಿನ ತೀವ್ರ ನಿಗಾ ಘಟಕದಲ್ಲಿದ್ದು ಮನೆಗೆ ಬಂದರು. ಕೈಕಾಲು ಉಳಿಯಿತು ಎಂಬುದೇ ಸಮಾಧಾನ.

ಬಟ್ಟಲಿನ ಮೇಲೆ ನನಗೆ ಸಿಟ್ಟಿಲ್ಲ. ಬೈಲಕುಪ್ಪೆಯ ಅಂಗಡಿಯಿಂದ ತಂದ ಬಟ್ಟಲೊಂದು ನನ್ನ ಬಳಿಯೂ ಇದೆ. ಅದನ್ನು ಚಾಚಿದ ಅಂಗೈಯ ಮೇಲಿಟ್ಟು, ತೊಗಲು ಸುತ್ತಿದ ಮರದ ಕೋಲನ್ನು ಅಂಚಿಗೆ ಒತ್ತಿ ಒಂದೇ ವೇಗದಲ್ಲಿ ತಿರುಗಿಸುತ್ತಾ ಹೋದರೆ, ಕಿವಿಗೆ ಕೇಳುವ ಮೊದಲೇ ಅಂಗೈಯಲ್ಲಿ ಸಣ್ಣ ನಡುಕ ಹುಟ್ಟುತ್ತದೆ, ಆಮೇಲೆ ನಾದ ಏಳುತ್ತದೆ. ಪಿಟೀಲಿನ ಕಮಾನು ತಂತಿಯನ್ನು ಹಿಡಿದು ಬಿಟ್ಟು ನುಡಿಸುವ ಹಾಗೆಯೇ ಕೋಲು ಅಂಚನ್ನು ಕ್ಷಣಕ್ಷಣಕ್ಕೂ ಹಿಡಿದು ಬಿಡುತ್ತಿರುತ್ತದೆ. ತಿಕ್ಕುವುದರ ಬದಲು ಒಮ್ಮೆ ಹೊಡೆದು ಬಿಟ್ಟರೆ ನಾದ ಏರುತ್ತ ಇಳಿಯುತ್ತ ಅಲೆಯಾಗಿ ಸಾಗುತ್ತದೆ. ಕೈಯಿಂದ ಬಡಿದು ಮಾಡಿದ ಬಟ್ಟಲು ಪೂರ್ತಿ ದುಂಡಗಿರದ ಕಾರಣ ಒಂದಕ್ಕೊಂದು ತೀರ ಹತ್ತಿರದ ಎರಡು ಸ್ವರಗಳು ಒಟ್ಟಿಗೆ ಹೊರಡುತ್ತವೆ. ಕೂದಲೆಳೆಯಷ್ಟು ಶ್ರುತಿ ತಪ್ಪಿದ ತಂಬೂರಿಯ ಎರಡು ತಂತಿಗಳ ನಡುವೆ ಕೇಳುವ ತೂಗಾಟವೂ ಇದೇ. ಆ ನಾದ ಪೂರ್ತಿ ಅಡಗುವವರೆಗೆ ಕಿವಿಗೊಟ್ಟು ಕುಳಿತರೆ ಉಸಿರು ತಾನಾಗಿ ನಿಧಾನವಾಗುತ್ತದೆ. ಬೆಳಗಿನ ಹತ್ತು ನಿಮಿಷ ನಾನು ಮಾಡುವುದು ಇಷ್ಟೇ, ಇದರಲ್ಲಿ ನನಗೆ ನೆಮ್ಮದಿ ಸಿಕ್ಕಿದೆ.

ಬಟ್ಟಲಿನಲ್ಲಿ ಏಳು ಗ್ರಹಗಳಿಗೆ ಸಂಬಂಧಿಸಿದ ಏಳು ಲೋಹಗಳಿವೆ ಎಂದು ಕರಪತ್ರ ಹೇಳುತ್ತದೆ. ಆದರೆ ಪರೀಕ್ಷೆಗೆ ಒಳಗಾದ ಹಳೆಯ ಬಟ್ಟಲುಗಳು ಬಹುಮಟ್ಟಿಗೆ ಶೇ 78ರಷ್ಟು ತಾಮ್ರ, ಶೇ 22ರಷ್ಟು ತವರ ಬೆರೆತ ಕಂಚಿನವು. ನಮ್ಮ ದೇವಸ್ಥಾನದ ಘಂಟೆ, ಜಾಗಟೆಗಳ ಜಾತಿಯ ಲೋಹವೇ ಅದು. ನಾದದ ಪರಿಣಾಮದ ಬಗ್ಗೆ ಅಧ್ಯಯನ ನಡೆದಿಲ್ಲವೆಂದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 62 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಟ್ಟಲಿನ ನಾದ ಕೇಳಿದ ಮೇಲೆ ಉದ್ವೇಗ, ಸಿಟ್ಟು, ದಣಿವು ಕಡಿಮೆಯಾದವು ಎಂದು ಭಾಗವಹಿಸಿದವರು ಹೇಳಿದ್ದರು. ಆದರೆ ನಾದ ಕೇಳದೆ ಸುಮ್ಮನೆ ಮಲಗಿ ವಿಶ್ರಮಿಸಿದ ಇನ್ನೊಂದು ಗುಂಪನ್ನಿಟ್ಟು ಹೋಲಿಸಿರಲಿಲ್ಲ. ಉದ್ವೇಗ ಇಳಿಯಿತು ಎಂಬುದೇ ಬೇರೆ, ಮಧುಮೇಹ ಹೋಯಿತು ಎಂಬುದೇ ಬೇರೆ.

ಇನ್ನೊಂದು ಮಾತನ್ನು ಕರ್ನಾಟಕದವರಾದ ನಾವು ಹೇಳಲೇಬೇಕು. 1959ರಲ್ಲಿ ನೆಲೆ ಕಳೆದುಕೊಂಡು ಬಂದ ಟಿಬೆಟನ್ನರಲ್ಲಿ ಅನೇಕರಿಗೆ ನಮ್ಮ ರಾಜ್ಯ ಜಾಗ ಕೊಟ್ಟಿತು. 1961ರಲ್ಲಿ ಶುರುವಾದ ಬೈಲಕುಪ್ಪೆಯ ವಸಾಹತಿನಲ್ಲಿ, ಮುಂಡಗೋಡಿನಲ್ಲಿ, ಕೊಳ್ಳೇಗಾಲದ ಬಳಿ ಅವರು ಇಂದಿಗೂ ಬಾಳುತ್ತಿದ್ದಾರೆ. ಅವರ ಮಠಗಳಲ್ಲಿ ಪೂಜೆಯ ಹೊತ್ತಿಗೆ ಕೇಳುವುದು ಆಳುದ್ದ ಮೀರಿದ ಕಹಳೆಗಳು, ನಗಾರಿ, ತಾಳ ಮತ್ತು ಲಾಮಾಗಳ ಕೈಯಲ್ಲಿರುವ ಪುಟ್ಟ ಘಂಟೆ. ಅಂಚು ತಿಕ್ಕಿ ರೋಗ ಗುಣಪಡಿಸುವ ಪದ್ಧತಿ ಅಲ್ಲಿಂದ ಬಂದದ್ದಲ್ಲ. ಹಿಮಾಲಯದ ಬಟ್ಟಲುಗಳಿಗೆ ಈ ಹೊಸ ಹೆಸರೂ ಬಳಕೆಯೂ ಬಂದದ್ದು 1970ರ ದಶಕದಿಂದ ಈಚೆಗೆ, ಪಶ್ಚಿಮದ ದೇಶಗಳಲ್ಲಿ. ಟಿಬೆಟನ್ನರ ನಿಜವಾದ ವೈದ್ಯ ಪದ್ಧತಿ ಸೋವಾ ರಿಗ್ಪಾ. ನಾಡಿ ಹಿಡಿದು, ಮೂತ್ರ ನೋಡಿ, ಪಥ್ಯ ಹೇಳಿ, ಗಿಡಮೂಲಿಕೆಯ ಗುಳಿಗೆ ಕೊಡುವ ಈ ಪದ್ಧತಿಗೆ ಭಾರತ ಸರ್ಕಾರ 2010ರಲ್ಲಿ ಕಾನೂನಿನ ಮಾನ್ಯತೆ ನೀಡಿದೆ. ಅದನ್ನು ವರ್ಷಗಟ್ಟಲೆ ಓದಿದ ವೈದ್ಯರಿರುವಾಗ, ವಾರದ ತರಬೇತಿ ಪಡೆದವರು ‘ಪ್ರಾಚೀನ ಟಿಬೆಟಿಯನ್ ಚಿಕಿತ್ಸೆ’ ಎಂದು ಫಲಕ ಹಾಕುವುದು ಆ ಜನರಿಗೆ ಮಾಡುವ ಅನ್ಯಾಯ.

ಮಧುಮೇಹ, ರಕ್ತದೊತ್ತಡ, ಕ್ಯಾನ್ಸರ್‌ನಂಥ ರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದನ್ನು ತಡೆಯಲು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ಇದೆ. ಈ ಕರಪತ್ರಗಳನ್ನು ಆ ಕಾಯ್ದೆಯ ಅಡಿಯಲ್ಲಿ ಪರಿಶೀಲಿಸುವಂತೆ ಆರೋಗ್ಯ ಇಲಾಖೆಯನ್ನು ಕೋರುತ್ತೇನೆ. ‘ವೈದ್ಯರು ಬರೆದ ಔಷಧಿಯನ್ನು ಯಾರೂ ನಿಲ್ಲಿಸಬಾರದು’ ಎಂಬ ಒಂದು ಸಾಲನ್ನು ಶಿಬಿರ ನಡೆಸುವವರು ದೊಡ್ಡ ಅಕ್ಷರದಲ್ಲಿ ಬಾಗಿಲಿಗೆ ಹಾಕಲಿ. ತಮ್ಮ ಪತ್ರಿಕೆಯೂ ಇಂಥ ಜಾಹೀರಾತು ಬಂದಾಗ, ‘ವಾಸಿಯಾಗುತ್ತದೆ’ ಎಂಬ ಪದ ಅದರಲ್ಲಿದ್ದರೆ ಪ್ರಕಟಿಸದೆ ಹಿಂದಿರುಗಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ನಿವೃತ್ತ ಶಿಕ್ಷಕಿ, ಬಸವನಗುಡಿ, ಬೆಂಗಳೂರು