ಹಳೆಯ ಇನ್‌ನಲ್ಲಿ ತಂಗುವವರು ಗಡಿಯಾರ ನೋಡಿಕೊಳ್ಳಿ

ಸಂಪಾದಕರಿಗೆ,

ಇಂಗ್ಲೆಂಡಿನ ಸಂತೆ ಊರುಗಳ ಹಳೆಯ ಇನ್‌ಗಳ (ದಾರಿಹೋಕರಿಗೆ ಊಟ-ವಸತಿ ಕೊಡುತ್ತಿದ್ದ ಹೋಟೆಲುಗಳ) ಬಗ್ಗೆ ಪ್ರವಾಸ ಪುರವಣಿಯಲ್ಲಿ ಬಂದ ಚಿತ್ರಗಳು ಕಣ್ಣಿಗೆ ಚೆನ್ನಾಗಿದ್ದವು. ಅವನ್ನು ನೋಡಿ ರೂಮು ಬುಕ್ ಮಾಡುವವರಿಗೆ ಬೇಕಾದ ವಿವರ ಮಾತ್ರ ಇರಲಿಲ್ಲ. ಊರಿನಿಂದ ಬಂದ ಅಪ್ಪ-ಅಮ್ಮನನ್ನು ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡಿಗರು ಇಂಥ ಕಡೆ ಒಂದು ರಾತ್ರಿ ಉಳಿಸುವುದುಂಟು. ಬೆಂಗಳೂರಿನ ಹೋಟೆಲಿನ ಲೆಕ್ಕದಲ್ಲಿ ಹೋದರೆ ಹೊಟ್ಟೆಗಿಲ್ಲದೆ ಮಲಗಬೇಕಾದೀತು.

ಲಿಂಕನ್‌ಶೈರ್‌ನ ಸ್ಟ್ಯಾಮ್‌ಫರ್ಡ್‌ನಲ್ಲಿರುವ ಜಾರ್ಜ್ ಇನ್ನನ್ನೇ ತೆಗೆದುಕೊಳ್ಳಿ. ಅದರ ಮುಖ್ಯ ಕಟ್ಟಡ 1597ರದು, ಕಟ್ಟಿಸಿದವರು ಮೊದಲನೇ ಎಲಿಜಬೆತ್ ರಾಣಿಯ ಖಜಾಂಚಿ ವಿಲಿಯಂ ಸೆಸಿಲ್. ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವ ಗ್ರೇಟ್ ನಾರ್ತ್ ರೋಡ್ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ದಿನಕ್ಕೆ 20 ಕುದುರೆ ಕೋಚುಗಳು ಉತ್ತರಕ್ಕೆ, 20 ದಕ್ಷಿಣಕ್ಕೆ. ಒಳಹೊಕ್ಕರೆ ಅಕ್ಕಪಕ್ಕ ಎರಡು ಬಾಗಿಲು: ಒಂದರ ಮೇಲೆ ಲಂಡನ್, ಇನ್ನೊಂದರ ಮೇಲೆ ಉತ್ತರದ ಯಾರ್ಕ್. ನಮ್ಮ ಬಸ್ ಸ್ಟ್ಯಾಂಡಿನ ಪ್ಲಾಟ್‌ಫಾರ್ಮ್‌ಗಳಂತೆ, ಆಯಾ ದಿಕ್ಕಿನ ಪ್ರಯಾಣಿಕರು ಕಾಯುತ್ತಿದ್ದ ಕೋಣೆಗಳವು. ಇನ್ನಿನ ಹೆಸರು ಹೊತ್ತ ತೊಲೆ ಇವತ್ತಿಗೂ ರಸ್ತೆಗೆ ಅಡ್ಡಲಾಗಿ ನಿಂತಿದೆ. 1960ರಲ್ಲಿ ಬೈಪಾಸ್ ಆಗುವವರೆಗೆ ಹೆದ್ದಾರಿಯ ವಾಹನಗಳೆಲ್ಲ ಅದರ ಅಡಿಯಲ್ಲೇ ಹೋಗುತ್ತಿದ್ದವು. ಭಾರೀ ದೇಹದ ಡೇನಿಯಲ್ ಲ್ಯಾಂಬರ್ಟ್‌ನ ಚಿತ್ರವೂ ಇಲ್ಲಿದೆ. ಆತ 1809ರಲ್ಲಿ ತೀರಿಕೊಂಡಾಗ ತೂಕ ಸುಮಾರು 335 ಕಿಲೋ. ಆದರೆ ಆತ ಸತ್ತದ್ದು ಇದೇ ಊರಿನ ಬೇರೊಂದು ಇನ್‌ನಲ್ಲಿ, ಜಾರ್ಜ್‌ನಲ್ಲಲ್ಲ.

ಕೋಣೆ ಆರಿಸುವಾಗ ಈ ಇತಿಹಾಸವೇ ಉಪಯೋಗಕ್ಕೆ ಬರುತ್ತದೆ. ಕೋಚ್ ಕಾಲದ ಇನ್‌ಗಳಲ್ಲಿ ಮುಂಭಾಗ ರಸ್ತೆಗೆ, ಹಿಂಭಾಗ ಕುದುರೆ ಲಾಯವಿದ್ದ ಅಂಗಳಕ್ಕೆ ತೆರೆದುಕೊಳ್ಳುತ್ತದೆ. ರಕ್ಷಿತ ಕಟ್ಟಡವಾದ್ದರಿಂದ ಕಿಟಕಿಗೆ ಎರಡು ಪದರದ ಗಾಜು ಹಾಕಿಸಲು ಸುಲಭವಾಗಿ ಅನುಮತಿ ಸಿಗುವುದಿಲ್ಲ. ಹಾಗಾಗಿ ರಸ್ತೆ ಬದಿಯ ಕೋಣೆಯಲ್ಲಿ ಗಾಡಿ ಸದ್ದು ಇದ್ದದ್ದೇ. ನಿದ್ದೆ ಮುಖ್ಯವಾದವರು ಅಂಗಳದ ಕಡೆಯದನ್ನು ಕೇಳಿ ಪಡೆಯಬೇಕು. ಆದರೆ ಬೇಸಿಗೆಯಲ್ಲಿ ಅಂಗಳದಲ್ಲೂ ಊಟದ ಮೇಜು ಹಾಕುತ್ತಾರೆ, ರಾತ್ರಿ ಹತ್ತರವರೆಗೆ ಮಾತು ಕೇಳಿಸೀತು. ಇಂಥ ಬಹಳಷ್ಟು ಕಡೆ ಲಿಫ್ಟ್ ಇಲ್ಲ, ನೆಲ ಓರೆ, ತೊಲೆ ತಲೆಮಟ್ಟಕ್ಕೆ. ಮಂಡಿನೋವಿನವರಿದ್ದರೆ ನೆಲ ಅಂತಸ್ತಿನ ಕೋಣೆ ಇದೆಯೇ ಎಂದು ಫೋನಿನಲ್ಲೇ ವಿಚಾರಿಸಿ. ವೆಬ್‌ಸೈಟಿನ ಚಿತ್ರದಲ್ಲಿ ಮೆಟ್ಟಿಲು ಕಾಣುವುದಿಲ್ಲ.

ಹೆಚ್ಚು ಜನ ಎಡವುವುದು ಊಟದ ಹೊತ್ತಿನಲ್ಲಿ. ಸಾಮಾನ್ಯವಾಗಿ ಮಧ್ಯಾಹ್ನದ ಊಟ 12ರಿಂದ 2.30, ರಾತ್ರಿಯದಕ್ಕೆ 9ಕ್ಕೆ ಕೊನೆಯ ಆರ್ಡರ್. ಆಮೇಲೆ ಬಾರ್ ತೆರೆದಿದ್ದರೂ ಒಲೆ ಆರಿರುತ್ತದೆ, ಸಿಗುವುದು ಚಿಪ್ಸ್ ಪೊಟ್ಟಣವಷ್ಟೇ. ಜೂನಿನಲ್ಲಿ ಸೂರ್ಯ ಮುಳುಗುವುದೇ ಒಂಬತ್ತೂವರೆ ಹೊತ್ತಿಗೆ. ಬೆಳಕು ನೋಡಿ ಊಟದ ಸಮಯ ಲೆಕ್ಕಹಾಕಿದವರ ಕಥೆ ಮುಗಿಯಿತು. ರೂಮು ಬುಕ್ ಆದರೆ ಊಟದ ಮೇಜೂ ಬುಕ್ ಆಯಿತು ಎಂದುಕೊಳ್ಳಬೇಡಿ, ಅದನ್ನು ಬೇರೆಯಾಗಿ ಕಾದಿರಿಸಬೇಕು. ಜಾರ್ಜ್‌ನ ಓಕ್ ರೂಮಿನಂಥ ಕಡೆ, ತಳ್ಳುಗಾಡಿಯಲ್ಲಿ ಮಾಂಸ ತಂದು ಮೇಜಿನ ಪಕ್ಕದಲ್ಲೇ ಕೊಯ್ದು ಬಡಿಸುವಲ್ಲಿ, ಉಡುಪಿನ ನಿಯಮ ಏನೆಂದು ಮೊದಲೇ ಕೇಳುವುದು ಲೇಸು. ಬಾರ್‌ನಲ್ಲಾದರೆ ಬಹುತೇಕ ಕೌಂಟರಿಗೇ ಹೋಗಿ ಮೇಜಿನ ನಂಬರ್ ಹೇಳಿ ಆರ್ಡರ್ ಕೊಡಬೇಕು. ಸುಮ್ಮನೆ ಕುಳಿತರೆ ಯಾರೂ ಬರುವುದಿಲ್ಲ. ನಲ್ಲಿ ನೀರು ಕೇಳಿದರೆ ಪುಕ್ಕಟೆ ಕೊಡಬೇಕೆಂದು ಕಾನೂನೇ ಇದೆ, ಸಂಕೋಚ ಬೇಡ. ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿದ್ದರೆ ಮತ್ತೆ ಟಿಪ್ಸ್ ಇಡಬೇಕಿಲ್ಲ.

ಸಸ್ಯಾಹಾರಿಗಳು ಭಾನುವಾರದ ರೋಸ್ಟ್ ಊಟದಲ್ಲಿ 'ಮಾಂಸ ಬಿಟ್ಟು ಉಳಿದದ್ದು ಕೊಡಿ' ಎನ್ನುವಂತಿಲ್ಲ. ಹುರಿದ ಆಲೂಗಡ್ಡೆ ಬಾತುಕೊಬ್ಬಿನಲ್ಲೋ ದನದ ಕೊಬ್ಬಿನಲ್ಲೋ ಬೆಂದಿರಬಹುದು. ಗ್ರೇವಿ ಹೆಚ್ಚಾಗಿ ಮಾಂಸದ, ಎಲುಬಿನ ರಸದ್ದು. ಯಾರ್ಕ್‌ಷೈರ್ ಪುಡಿಂಗ್ ಎಂದರೆ ಸಿಹಿಯಲ್ಲ, ರೋಸ್ಟ್ ಜೊತೆಗೇ ಬರುವ ಮೈದಾ, ಹಾಲು, ಮೊಟ್ಟೆಯ ತಿನಿಸು. ಅದು ಉಬ್ಬುವುದೇ ಅಚ್ಚಿನಲ್ಲಿ ಹೊಗೆಯಾಡುವಷ್ಟು ಕಾದ ಕೊಬ್ಬಿಗೆ ಹಿಟ್ಟು ಸುರಿಯುವುದರಿಂದ. ತರಕಾರಿ ಸೂಪಿಗೂ ಕೋಳಿ ಸ್ಟಾಕ್ (ಕೋಳಿ ಬೇಯಿಸಿದ ರಸ) ಹಾಕಿರಬಹುದು. ಮೆನುವಿನಲ್ಲಿ ಸಸ್ಯಾಹಾರಿ ಗುರುತಿದ್ದರೂ ಮೊಟ್ಟೆ ಇರಬಹುದು; ಮೊಟ್ಟೆಯೂ ಬೇಡ ಎನ್ನುವವರು ವೀಗನ್ (ಹಾಲು, ಮೊಟ್ಟೆಯೂ ಇಲ್ಲದ ಅಡುಗೆ) ಗುರುತು ಹುಡುಕಿದರೆ ಸುಲಭ. ಕೊನೆಗೆ ಬರುವ ಚೀಸ್ ತಟ್ಟೆಯಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿದ್ದೂ ಇದ್ದೀತು. ಸ್ಟಿಲ್ಟನ್ ಚೀಸ್ ಹೆಸರು ಪಡೆದದ್ದು ಇದೇ ಹಳೆಯ ರಸ್ತೆಯಲ್ಲಿ, ದಕ್ಷಿಣಕ್ಕಿರುವ ಸ್ಟಿಲ್ಟನ್ ಊರಿನ ಬೆಲ್ ಇನ್‌ನಲ್ಲಿ ಕೋಚ್ ಪ್ರಯಾಣಿಕರಿಗೆ ಮಾರಿ. ತಮಾಷೆಯೆಂದರೆ ಆ ಊರಲ್ಲಿ ಅದನ್ನು ಮಾಡುವಂತಿಲ್ಲ. ಕಾನೂನಿನ ಪ್ರಕಾರ ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್‌ಗಳಿಗೆ ಮಾತ್ರ ಆ ಹಕ್ಕು.

ಸ್ಟ್ಯಾಮ್‌ಫರ್ಡ್‌ನ ದೊಡ್ಡ ಸಂತೆ ಶುಕ್ರವಾರ. ಮಧ್ಯಾಹ್ನವಾದರೆ ಅಂಗಡಿ ಎತ್ತಲು ಶುರುಮಾಡುತ್ತಾರೆ, ಆದ್ದರಿಂದ ಗುರುವಾರ ರಾತ್ರಿ ತಂಗಿ ಬೆಳಗ್ಗೆ ಹೋಗುವುದೇ ಸರಿ. ಸೆಪ್ಟೆಂಬರ್ ಮೊದಲ ವಾರದ ಊರ ಪಕ್ಕದ ಬರ್ಲಿಯಲ್ಲಿ ನಡೆಯುವ ಕುದುರೆ ಸ್ಪರ್ಧೆಯ ಸಮಯದಲ್ಲಿ ರೂಮಿನ ಆಸೆ ಬಿಡಿ. ಲಂಡನ್ ಕಿಂಗ್ಸ್ ಕ್ರಾಸ್‌ನಿಂದ ಪೀಟರ್‌ಬರೋಗೆ ವೇಗದ ರೈಲಿನಲ್ಲಿ ಸುಮಾರು 50 ನಿಮಿಷ, ಅಲ್ಲಿ ರೈಲು ಬದಲಿಸಿದರೆ ಇನ್ನು ಕಾಲು ಗಂಟೆ. ನಿಲ್ದಾಣದಿಂದ ಜಾರ್ಜ್‌ಗೆ ನಡೆದೇ ಹೋಗಬಹುದು. ಭಾನುವಾರ ವಾಪಸಾಗುವವರು ವೇಳಾಪಟ್ಟಿ ನೋಡಿಕೊಳ್ಳಿ, ಅಂದು ಈ ಸಣ್ಣ ಮಾರ್ಗದಲ್ಲಿ ರೈಲುಗಳು ತಡವಾಗಿ ಶುರುವಾಗುತ್ತವೆ.

ಇಂತಿ,
ಓದುಗರು, ಪೀಟರ್‌ಬರೋ