ಮೀನು ಘಟ್ಟ ಹತ್ತಿ ಬರುತ್ತದೆ, ಎಚ್ಚರಿಕೆ?

ಮಾನ್ಯರೇ,

ಹೋದ ಭಾನುವಾರ ಇಲ್ಲಿನ ಮೀನು ಮಾರ್ಕೆಟ್‌ಗೆ ಒಂದು ಬುಟ್ಟಿ ತಿಸ್ರೆ (ಚಿಪ್ಪುಮೀನು) ಬಂದಿತ್ತು. ಚಿಪ್ಪಿನ ಮೇಲಿನ ಕೆಸರು ಇನ್ನೂ ಹಸಿಯಾಗಿತ್ತು. ‘ಯಾವ ಕಡೇದು?’ ಅಂದೆ. ‘ಅಂಕೋಲಾ ಕಡೇದ್ರಿ, ತಗೋರಿ’ ಅಂದರು ಮಾರುವಾಕೆ.

ಸುಮ್ನೆ ಕೇಳಿದ್ದಲ್ಲ. ಕಡಲಲ್ಲಿ ಕೆಲವು ಜಾತಿಯ ಪಾಚಿ ಒಮ್ಮೆಲೇ ಹೆಚ್ಚಿ ವಿಷ ಬಿಡುತ್ತವೆ. ನೀರು ಸೋಸಿ ತಿನ್ನುವ ಚಿಪ್ಪುಮೀನಿನ ಒಡಲಲ್ಲಿ ಅದು ಸೇರಿಕೊಳ್ಳುತ್ತದೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. 1983ರಲ್ಲಿ ಮಂಗಳೂರು ಕಡೆ ಇಂಥ ಚಿಪ್ಪುಮೀನು ತಿಂದವರು ಆಸ್ಪತ್ರೆ ಸೇರಿದ್ದರು. (ರಾತ್ರಿ ನೀಲಿಯಾಗಿ ಮಿನುಗುವ ಅಲೆಗಳ ವಿಡಿಯೊ ಹಂಚಿಕೊಳ್ಳುತ್ತೇವಲ್ಲ, ಅದೂ ಇಂಥದ್ದೇ ಸೂಕ್ಷ್ಮಜೀವಿಯ ಆಟ. ಎಲ್ಲವೂ ವಿಷವಲ್ಲ ಅನ್ನಿ.)

ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಉಪಗ್ರಹದಿಂದ ಕಡಲಿನ ಬಣ್ಣ ನೋಡಿ, ಪಾಚಿ ಎಲ್ಲಿ ಜಾಸ್ತಿಯಾಗಿದೆ ಅಂತ ಹೇಳುತ್ತದೆ. ಆದರೆ ಉಪಗ್ರಹಕ್ಕೆ ಕಾಣುವುದು ಬಣ್ಣ, ವಿಷವಲ್ಲ. ಮೋಡ ಕವಿದರೆ ಅದೂ ಇಲ್ಲ. ನೀರನ್ನೂ ಚಿಪ್ಪುಮೀನನ್ನೂ ತಂದು ಪರೀಕ್ಷಿಸಲೇಬೇಕು. ಅದರ ಫಲಿತಾಂಶ ಕರಾವಳಿಯಲ್ಲೇ ಉಳಿದರೆ ನಮಗೇನು ಬಂತು? ಮೀನಿನ ಗಾಡಿ ರಾತ್ರೋರಾತ್ರಿ ಅರಬೈಲ್ ಘಟ್ಟ ಹತ್ತಿ ಬರುತ್ತದೆ. ಅದರ ಜೊತೆ ಎಚ್ಚರಿಕೆಯೂ ಬರಲಿ. ಮಾರ್ಕೆಟ್ ಬಾಗಿಲಲ್ಲಿ ಕನ್ನಡದ ಒಂದು ಬೋರ್ಡ್ ಇದ್ದರೂ ಸಾಕು.

– ಮೀನುಪ್ರಿಯ ಓದುಗ, ಹುಬ್ಬಳ್ಳಿ