ಯುವ ಪಶುವೈದ್ಯರಿಗೆ ಕೊಟ್ಟಿಗೆಯ ಅನುಭವ ಬೇಕು

ಮಾನ್ಯ ಸಂಪಾದಕರೇ,

ಐದೂವರೆ ವರ್ಷಗಳ ಪಶುವೈದ್ಯಕೀಯ ಪದವಿ ಮುಗಿಸಿ ಹಳ್ಳಿಯ ಆಸ್ಪತ್ರೆಗೆ ಬರುವ ಯುವ ವೈದ್ಯರಿಗೆ ರೋಗಗಳ ತಿಳಿವಳಿಕೆ ಕಡಿಮೆಯೆಂದು ನಾನು ಹೇಳಲಾರೆ. ನಿವೃತ್ತ ಪಶುವೈದ್ಯನಾದ ನನಗೆ ಕಾಣುವ ಕೊರತೆ ಕೈಕೆಲಸದ್ದು ಮತ್ತು ಮಾತಿನದು. ಕರು ಹಾಕಿದ ಮರುದಿನ ಮೇಲೇಳಲಾಗದೆ, ಕುತ್ತಿಗೆಯನ್ನು ಪಕ್ಕೆಗೆ ಹೊರಳಿಸಿ ಮಲಗಿದ ಹಸುವಿನ ಕಿವಿ ತಣ್ಣಗಿದ್ದರೆ, ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಬರುವ, ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿಯಿಲ್ಲದ ಹಾಲುಜ್ವರವನ್ನು ಶಂಕಿಸಬೇಕೆಂದು ಅವರಿಗೆ ಗೊತ್ತು. ಆದರೆ ಕ್ಯಾಲ್ಸಿಯಂ ಅನ್ನು ರಕ್ತನಾಳಕ್ಕೆ ಎಷ್ಟು ನಿಧಾನವಾಗಿ ಬಿಡಬೇಕು, ಹೃದಯದ ಬಡಿತ ತಪ್ಪುತ್ತಿರುವುದನ್ನು ಗುರುತಿಸಿ ಯಾವಾಗ ನಿಲ್ಲಿಸಬೇಕು ಎಂಬುದು ಹತ್ತಾರು ಬಾರಿ ಸ್ವತಃ ಮಾಡಿದವರಿಗಷ್ಟೇ ಕೈಗೆ ಹತ್ತುತ್ತದೆ. ಅಡ್ಡ ಸಿಕ್ಕಿಕೊಂಡ ಕರುವನ್ನು ತಿರುಗಿಸುವುದೂ ಹಾಗೆಯೇ.

ಸಾಲ ಮಾಡಿ ಹಸು ತಂದವರಿಗೆ ಚಿಕಿತ್ಸೆಯ ಖರ್ಚನ್ನೂ ಹಸು ಉಳಿಯುವ ಸಾಧ್ಯತೆಯನ್ನೂ ಮುಚ್ಚುಮರೆಯಿಲ್ಲದೆ ತಿಳಿಸುವುದು, ಆ್ಯಂಟಿಬಯೋಟಿಕ್ ಕೊಟ್ಟ ಮೇಲೆ ಇಂತಿಷ್ಟು ದಿನ ಡೇರಿಗೆ ಹಾಲು ಹಾಕಬಾರದೆಂದು ಒಪ್ಪಿಸುವುದು ಔಷಧ ಬರೆಯುವುದಕ್ಕಿಂತ ಕಷ್ಟ. ಕರು ಹಾಕಿದ ಮೇಲೆ ಕಸ (ಮಾಸು) ಬೀಳದ ಹಸುವಿಗೆ ಬರಿಗೈ ಹಾಕಿ, ದನಗಳಿಂದ ಮನುಷ್ಯರಿಗೂ ಹರಡುವ ಬ್ರುಸೆಲ್ಲೋಸಿಸ್ ರೋಗ ಅಂಟಿಸಿಕೊಂಡ ಸಹೋದ್ಯೋಗಿಯೊಬ್ಬರ ನರಳಾಟವನ್ನು ಕಂಡ ನನಗೆ, ಉದ್ದ ಕೈಗವಸು ಧರಿಸುವ ಅಭ್ಯಾಸವೂ ಒಂದು ಕೌಶಲವೆಂದೇ ತೋರುತ್ತದೆ.

ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಮೊದಲಾದ ಕಡೆಯ ಪಶುವೈದ್ಯಕೀಯ ಕಾಲೇಜುಗಳು, ವಿದ್ಯಾರ್ಥಿಗಳು ಒಂದು ವರ್ಷದ ಇಂಟರ್ನ್‌ಶಿಪ್‌ನ ಹೆಚ್ಚಿನ ಭಾಗವನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಕಳೆಯುವಂತೆ, ಅನುಭವಿ ವೈದ್ಯರ ಜೊತೆ ರಾತ್ರಿಯ ಕರೆಗಳಿಗೂ ಹೋಗುವಂತೆ ಏರ್ಪಾಡು ಮಾಡಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಪಶುವೈದ್ಯ, ಹಾಸನ ಜಿಲ್ಲೆ